ಹಾಪ್ ಘಮದ ಹಿಂದೆ ಏನಿದೆ: ಡ್ರೈ ಹಾಪ್ ಏಲ್ ಒಂದನ್ನು ಪರೀಕ್ಷಿಸಿದ ಕ್ರಮ

ಬಿಯರಿಗೆ ಕಹಿ, ಘಮ ಕೊಡುವ ಹೂವು ಹಾಪ್. ಅದನ್ನು ಕುದಿಸದೆ ನೆನೆಹಾಕಿದ, ಅಂದರೆ ಡ್ರೈ ಹಾಪ್ ಮಾಡಿದ, ಏಲ್ ಬಗೆಯ ಬಿಯರಿನ ಕ್ಯಾನ್ ತೆಗೆದ ತಕ್ಷಣ ಚಕ್ಕೋತ, ಮಾವು, ಕಿತ್ತಳೆ ಸಿಪ್ಪೆ ಎಲ್ಲ ಒಟ್ಟಿಗೆ ಮೂಗಿಗೆ ನುಗ್ಗುತ್ತವೆ. ಅದೇ ಖುಷಿಯಲ್ಲಿ ಅಂಕ ಬರೆದುಬಿಟ್ಟರೆ ಕೆಲಸ ಕೆಟ್ಟಿತು. ಕಾಫಿಯಲ್ಲಿ ದೋಷ ತಾನಾಗಿ ಎದ್ದು ಬರುತ್ತದೆ. ಮಳೆಗೆ ನೆಂದ ಚೆರಿಯ ಹುಳಿಯನ್ನಾಗಲಿ, ಗೋದಾಮಿನ ಮುಗ್ಗಲನ್ನಾಗಲಿ ಮುಚ್ಚಿಡುವ ಇನ್ನೊಂದು ಜೋರು ವಾಸನೆ ಅಲ್ಲಿಲ್ಲ. ಇಲ್ಲಿ ಹಾಗಲ್ಲ, ಹಾಪ್ ಪರದೆ ಎಳೆದುಬಿಡುತ್ತದೆ. ಹಿಂದೆ ಬೆಣ್ಣೆ ವಾಸನೆ ಇದ್ದರೂ, ಒಗರು ಇದ್ದರೂ ಮೊದಲ ಐದು ನಿಮಿಷ ಗೊತ್ತಾಗುವುದಿಲ್ಲ. ಆ ಪರದೆ ಸರಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿರುವ ವಿಷಯ. ಪರೀಕ್ಷೆಗೆ ಕೂತವರು ಚಿಕ್ಕಮಗಳೂರಿನ ಆರು ಮಂದಿ, ಎಲ್ಲರೂ ಕಾಫಿ ಕಪ್ಪಿಂಗ್ (ರುಚಿ ನೋಡಿ ಅಂಕ ಕೊಡುವ) ಮೇಜಿನ ಅಭ್ಯಾಸ ಇದ್ದವರು.

ಬಿಯರ್ ಎರಡು ಬ್ರೂಯರಿ ಸೇರಿ ಮಾಡಿದ ಪೇಲ್ ಏಲ್. ಆಲ್ಕೋಹಾಲ್ ಶೇ 5.4, ಕಹಿ 35 ಐಬಿಯು (ಕಹಿ ಅಳೆಯುವ ಮಾನ), ಹಾಪ್ ಜಾತಿ ಸಿಟ್ರಾ ಮತ್ತು ಮೊಸಾಯಿಕ್, 330 ಮಿ.ಲೀ. ಕ್ಯಾನ್. ಅಮೆರಿಕನ್ ಪೇಲ್ ಏಲ್ ಅನ್ನುವ ಶೈಲಿಗೆ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಕೊಡುವ ಅಳತೆ ಶೇ 4.5ರಿಂದ 6.2 ಆಲ್ಕೋಹಾಲ್, 30ರಿಂದ 50 ಐಬಿಯು. ಹಾಗಾಗಿ ಕಾಗದದ ಮೇಲೆ ಎಲ್ಲ ಸರಿ. ಲೇಬಲ್ ಮೇಲೆ ಎರಡು ಹೆಸರಿದ್ದರೂ ಬಿಯರ್ ಬೆಂದಿರುವುದು ಒಂದೇ ಕಡೆ. ಆ ಜಾಗದ ನೀರು, ಅಲ್ಲಿನ ಈಸ್ಟ್, ಅಲ್ಲಿನ ಟ್ಯಾಂಕು ಅಷ್ಟೇ ರುಚಿಗೆ ಬರುವುದು. ಕೊಲ್ಯಾಬ್ (ಜಂಟಿ ಬಿಯರ್) ಅಂದರೆ ಎರಡರ ಗುಣವೂ ಬಾಯಿಗೆ ಸಿಗಬೇಕು ಎಂದು ಹುಡುಕುತ್ತಾ ಕೂರುವುದು ವ್ಯರ್ಥ.

ಹಾಪ್ ಹೂವನ್ನು ವರ್ಟ್ (ಹುದುಗುವ ಮೊದಲಿನ ಮಾಲ್ಟ್‌ನ ಸಿಹಿ ರಸ) ಜೊತೆ ಕುದಿಸಿದರೆ ಅದರ ಆಲ್ಫಾ ಆಮ್ಲ ರೂಪ ಬದಲಿಸಿ ಕಹಿ ಕೊಡುತ್ತದೆ, ಎಣ್ಣೆಯ ಅಂಶ ಹಬೆಯಲ್ಲಿ ಹೋಗುತ್ತದೆ. ಹುದುಗು ಮುಗಿಯುವ ಹೊತ್ತಿಗೆ, ಸಾಮಾನ್ಯವಾಗಿ 14ರಿಂದ 18 ಡಿಗ್ರಿಯಲ್ಲಿ, ಎರಡು ಮೂರು ದಿನ ಹಾಪ್ ನೆನೆಹಾಕಿದರೆ ಎಣ್ಣೆ ಬಿಯರಿಗೆ ಇಳಿಯುತ್ತದೆ, ಕಹಿ ಅಷ್ಟಾಗಿ ಹೆಚ್ಚುವುದಿಲ್ಲ. ಇದೇ ಡ್ರೈ ಹಾಪಿಂಗ್. ಲೀಟರಿಗೆ 4ರಿಂದ 8 ಗ್ರಾಂ ಹದವಾದ ಅಳತೆ. ಅದಕ್ಕಿಂತ ಮೇಲೆ ಹೋದಷ್ಟೂ ಘಮ ಆ ಲೆಕ್ಕದಲ್ಲಿ ಏರುವುದಿಲ್ಲ, ಹಸಿ ಎಲೆ ವಾಸನೆ ಮತ್ತು ಒಗರು ಮಾತ್ರ ಏರುತ್ತವೆ.

ಕೂರುವ ಒಂದು ವಾರ ಮೊದಲು ಮೂಗನ್ನು ಪಳಗಿಸಬೇಕು. ಅದಕ್ಕೆ ಸುಲಭದ ದಾರಿ, ಸಾದಾ ಲಾಗರ್ ಬಿಯರ್ ಬಾಟಲಿಗೆ ಒಂದೇ ಜಾತಿಯ ಹಾಪ್ ಪೆಲೆಟ್ (ಹಾಪ್ ಪುಡಿ ಒತ್ತಿ ಮಾಡಿದ ಗುಳಿಗೆ) ಹಾಕಿಡುವುದು. ಲೀಟರಿಗೆ 4 ಗ್ರಾಂ ಲೆಕ್ಕದಲ್ಲಿ 330 ಮಿ.ಲೀ. ಬಾಟಲಿಗೆ 1.3 ಗ್ರಾಂ, 650ಕ್ಕೆ 2.6 ಗ್ರಾಂ. ಚಿನ್ನ ತೂಗುವ ತರಹದ, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಬಾಟಲಿಯನ್ನು ಹೆಪ್ಪುಗಟ್ಟುವ ಅಂಚಿಗೆ, ಒಂದೆರಡು ಡಿಗ್ರಿಗೆ, ತಣಿಸಿಕೊಂಡೇ ಮುಚ್ಚಳ ತೆಗೆಯಬೇಕು. ಇಲ್ಲದಿದ್ದರೆ ಪೆಲೆಟ್‌ನ ಒರಟು ಮೈಮೇಲೆ ಗ್ಯಾಸ್ ಗುಳ್ಳೆ ಕಟ್ಟಿ, ಅರ್ಧ ಬಾಟಲಿ ನೊರೆಯಾಗಿ ಮೇಜಿನ ಮೇಲೆ ಹರಿಯುತ್ತದೆ. ಹೊಸ ಮುಚ್ಚಳ ಮತ್ತು ಕ್ಯಾಪರ್ ಕೈಯಲ್ಲಿ ಹಿಡಿದುಕೊಂಡೇ ಪೆಲೆಟ್ ಬಿಡಿ, ತಕ್ಷಣ ಒತ್ತಿ. ಫ್ರಿಜ್‌ನಲ್ಲಿ ಮೂರು ದಿನ ಇಟ್ಟು ಮೇಲಿನ ತಿಳಿ ಬಗ್ಗಿಸಿ. ಪೆಲೆಟ್ ಹಸಿರಾಗಿರಬೇಕು. ಕಂದು ತಿರುಗಿ ಹಳೆ ಚೀಸ್ ವಾಸನೆ ಬಂದರೆ ಅದು ಗಾಳಿ ತಾಗಿದ ಮಾಲು, ಬಿಸಾಡಿ.

ಹೀಗೆ ಸಿಟ್ರಾ ಒಂದು ಬಾಟಲಿ, ಮೊಸಾಯಿಕ್ ಒಂದು ಬಾಟಲಿ ಮಾಡಿಟ್ಟುಕೊಂಡ ಮೇಲೆ ಹೆಸರಿಡುವ ಕೆಲಸ. ವಿದೇಶಿ ರುಚಿಚಕ್ರದಲ್ಲಿರುವ ಬ್ಲೂಬೆರಿ, ಗೂಸ್‌ಬೆರಿ ನಮ್ಮ ನಾಲಿಗೆಗೆ ನೆನಪಿಲ್ಲ. ನೆನಪಿಲ್ಲದ ಹೆಸರು ಬರೆದರೆ ಅದು ಸುಳ್ಳು. ಮೇಜಿನ ಸುತ್ತ ಬಂದ ಮಾತುಗಳಲ್ಲಿ ನಿಂತದ್ದು ಇವು: ಹೇರಳೆಕಾಯಿ ಸಿಪ್ಪೆ, ಚಕ್ಕೋತದ ಬಿಳಿ ತಿರುಳು, ಅರ್ಧ ಹಣ್ಣಾದ ಸೀಬೆ, ಮಜ್ಜಿಗೆ ಹುಲ್ಲು, ಅಪ್ಪೆಮಿಡಿಯ ಸೊನೆ. ಕೊನೆಯದು ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. ಹಾಪ್ ಎಣ್ಣೆಯಲ್ಲಿ ಹೆಚ್ಚಾಗಿರುವ ಮಿರ್ಸೀನ್ ಮಾವಿನಲ್ಲೂ ಇದೆ. ಹಾಗೆಯೇ ಲಿನಲೂಲ್ ಕೊತ್ತಂಬರಿ ಬೀಜದಲ್ಲಿ, ಕ್ಯಾರಿಯೋಫಿಲೀನ್ ಕರಿಮೆಣಸಿನಲ್ಲಿ ಇವೆ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿಯಿಂದ ಒಂದು ಗೆರೆ (ಕಾಳಿನ ಗೊನೆ) ಕಿತ್ತು ಉಜ್ಜಿ ಮೂಸಿದರೆ ಹಾಪ್‌ನ ಆ ಖಾರದ ಮೂಲೆ ಅರ್ಥವಾಗುತ್ತದೆ. ಅಂಟು ವಾಸನೆಗೆ ಪೈನ್ ಅನ್ನುವ ಬದಲು ಹಾಲುಮಡ್ಡಿ ಎಂದು ಬರೆದೆವು. ಮೊಸಾಯಿಕ್ ಕೆಲವು ಸಲ ಕೊಡುವ ಈರುಳ್ಳಿ ಬೆಳ್ಳುಳ್ಳಿ ವಾಸನೆಗೂ, ಪುನುಗು ಬೆಕ್ಕು ಓಡಾಡಿದ ಅಟ್ಟದಂಥ ವಾಸನೆಗೂ ಗಂಧಕ ಸೇರಿದ ಅಂಶಗಳೇ ಕಾರಣ. ಕಡಿಮೆ ಇದ್ದರೆ ಹಣ್ಣು, ಹೆಚ್ಚಾದರೆ ಬೆಕ್ಕು.

ಸಾಗಣೆಯಲ್ಲಿ ಆಗುವ ಹಾಳಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 245 ಕಿ.ಮೀ. ಹಾಸನದಲ್ಲಿ ಊಟಕ್ಕೆ ನಿಲ್ಲಿಸಿದಾಗ ಡಿಕ್ಕಿಯಲ್ಲಿರುವ ಕ್ಯಾನ್ ಬಿಸಿಲಲ್ಲಿ ಬೇಯುತ್ತದೆ, ಐಸ್ ಪೆಟ್ಟಿಗೆ ಬೇಕೇ ಬೇಕು. ಬಂದ ಮೇಲೆ 4 ಡಿಗ್ರಿಯಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ದಿನ ಬಿಡಬೇಕು. ಆಗ ಈಸ್ಟ್ ಮತ್ತು ಹಾಪ್ ಪುಡಿ ತಳಕ್ಕಿಳಿಯುತ್ತವೆ. ಅಲುಗಾಡಿಸಿ ಬಗ್ಗಿಸಿದ ಬಿಯರ್ ಗಂಟಲಲ್ಲಿ ಗರಗರ ಹಿಡಿಯುತ್ತದೆ, ಆ ತಪ್ಪು ಬ್ರೂಯರದ್ದಲ್ಲ. ಒಟ್ಟು ಆರು ಕ್ಯಾನ್. ಅದರಲ್ಲಿ ಒಂದನ್ನು ಬೇಕೆಂದೇ ಫ್ರಿಜ್‌ನಿಂದ ತೆಗೆದು ಹತ್ತು ದಿನ ಅಡುಗೆಮನೆಯ ಮೇಲಿನ ಶೆಲ್ಫ್‌ನಲ್ಲಿ ಇಟ್ಟೆವು.

ಕಪ್ಪಿಂಗ್ ಕೋಣೆಯಲ್ಲಿ ಕೂರಬೇಡಿ. ರೋಸ್ಟರ್ ಇರುವ ಗೋಡೆಗೂ ಕಾಫಿ ವಾಸನೆ ಅಂಟಿರುತ್ತದೆ. ಊದಿನಕಡ್ಡಿ ಹಚ್ಚದ, ಮಲ್ಲಿಗೆ ಮುಡಿದವರು ಇಲ್ಲದ ಕೋಣೆ, ಬೆಳಗ್ಗೆ ಹತ್ತೂವರೆಯ ಹೊತ್ತು. ಅದಕ್ಕೆ ಮೊದಲು ಒಂದು ಗಂಟೆ ಕಾಫಿ ಇಲ್ಲ, ಎಲೆಅಡಿಕೆ ಇಲ್ಲ. ಕಪ್ಪಿಂಗ್ ಬಟ್ಟಲೂ ಬೇಡ. ಬಾಯಿ ಕಿರಿದಾದ, 250 ಮಿ.ಲೀ.ನ ತೆಳು ಗಾಜಿನ ಗ್ಲಾಸಿನಲ್ಲಿ 100 ಮಿ.ಲೀ. ಮಾತ್ರ. ಗ್ಲಾಸನ್ನು ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಬೇಕು. ಬಗ್ಗಿಸಿದಾಗ ಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತರೆ ಜಿಡ್ಡು ಉಳಿದಿದೆ ಎಂದರ್ಥ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ, ನೊರೆ ಸತ್ತರೆ ಘಮವೂ ಅರ್ಧ. ನಡುವೆ ಬಾಯಿಗೆ ಬ್ರೆಡ್ಡಿನ ಬಿಳಿ ತಿರುಳು, ಉಗುರುಬೆಚ್ಚಗಿನ ನೀರು ಸಾಕು.

ಕಾಫಿಯವರ ದೊಡ್ಡ ತೊಂದರೆ ಸುರ್ ಎಂದು ಎಳೆಯುವ ಅಭ್ಯಾಸ. ಬಿಯರನ್ನು ಹಾಗೆ ಎಳೆದರೆ ಗ್ಯಾಸ್ ಎಲ್ಲ ಬಾಯಲ್ಲೇ ಬಿಟ್ಟು ನೊರೆ ತುಂಬುತ್ತದೆ, ನಾಲಿಗೆ ಚುರುಗುಟ್ಟಿ ಏನೂ ತಿಳಿಯುವುದಿಲ್ಲ. ಎರಡನೆಯದು ಉಗುಳುವುದು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗಲೇ ಅರ್ಧ ಬಿಯರ್ ತಿಳಿಯುವುದು, ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಲೂ ನುಂಗಲೇಬೇಕು. ಹತ್ತು ಮಿ.ಲೀ.ನಷ್ಟು ಗುಟುಕು ಸಾಕು. (ಜೀಪಿನ ಕೀ ಮೊದಲೇ ಕುಡಿಯದವರ ಕೈಗೆ ಕೊಟ್ಟಿರಿ, ತೋಟದ ರಸ್ತೆ ತಿರುವಿನದ್ದು.)

ಮೊದಲ ಸುತ್ತು 6 ಡಿಗ್ರಿಯಲ್ಲಿ. ಗ್ಲಾಸನ್ನು ಮೂಗಿನ ಕೆಳಗೆ ಒಂದು ಗೇಣು ದೂರದಲ್ಲಿ ಹಾಯಿಸಿ, ಆಮೇಲೆ ಎರಡು ಸಣ್ಣ ಮೂಸು, ಆಮೇಲೆ ಒಂದು ಉದ್ದದ್ದು. ಬೇಯಿಸಿದ ಮುಸುಕಿನ ಜೋಳ, ಕೊಳೆತ ಮೊಟ್ಟೆ ತರಹದ ವಾಸನೆಗಳು ಹಗುರ, ಮೊದಲ ನಿಮಿಷದಲ್ಲೇ ಹಾರಿಹೋಗುತ್ತವೆ. ಅವನ್ನು ಆಗಲೇ ಹಿಡಿಯಬೇಕು. ಯಾರೂ ಮಾತಾಡಬಾರದು, ಬರೆದ ಮೇಲೆ ಮಾತು. ಒಬ್ಬರು "ಮಾವು" ಎಂದರೆ ಉಳಿದ ಐವರಿಗೂ ಮಾವೇ ಬರುತ್ತದೆ. ಬಿಜೆಸಿಪಿ ಹಾಳೆಯ 50 ಅಂಕದಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಸ್ಪರ್ಶಕ್ಕೆ 5, ಒಟ್ಟಂದಕ್ಕೆ 10. ವಾಸನೆಗಿಂತ ರುಚಿಗೆ ತೂಕ ಹೆಚ್ಚು ಎಂಬುದನ್ನು ಘಮ ಹೊಡೆದ ತಲೆ ಮರೆಯುತ್ತದೆ. ಈ ಸುತ್ತಿನಲ್ಲಿ ಸರಾಸರಿ 41 ಬಂತು.

ಆಮೇಲೆ ಗ್ಲಾಸಿನ ಮೇಲೆ ಸಣ್ಣ ಸ್ಟೀಲ್ ತಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟೆವು. 12 ಡಿಗ್ರಿಗೆ ಬಂದಾಗ ತಟ್ಟೆ ಸರಿಸಿ ಮೂಸಿದರೆ ಬೇರೆಯೇ ಬಿಯರ್. ಹೇರಳೆಕಾಯಿ ಹಿಂದೆ ಸರಿದಿತ್ತು, ಅದರಡಿಯಿಂದ ನುಣ್ಣನೆಯ ಬೆಣ್ಣೆ ವಾಸನೆ ತಲೆ ಎತ್ತಿತ್ತು. ಇದು ಡಯಾಸಿಟೈಲ್, ಹುದುಗಿನಲ್ಲಿ ಹುಟ್ಟುವ ದೋಷದ ಅಂಶ. ಮಲೆನಾಡಿನವರಿಗೆ ಬೆಣ್ಣೆ ಎಂದರೆ ಕಡೆದ ಬೆಣ್ಣೆ, ಅದರ ಹುಳಿ ಮೊದಲು ಬರುತ್ತದೆ, ಅದಕ್ಕೇ ಮೂವರು ಇದನ್ನು ಗುರುತಿಸಲಿಲ್ಲ. ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತು ನೆನೆಸಿಕೊಳ್ಳಿ ಅಂದಾಗ ಎಲ್ಲರಿಗೂ ಸಿಕ್ಕಿತು. ನಾಲಿಗೆಯ ಮೇಲೆ ಜಾರುವ ಜಿಡ್ಡಿನ ಅನುಭವವೂ ಜೊತೆಗಿತ್ತು.

ಕಹಿ ಬಗ್ಗೆ ಒಂದು ಮಾತು. ಕಹಿಯೇ ಬೇರೆ, ಒಗರೇ ಬೇರೆ ಎಂಬುದು ಎಳೆ ಅಡಿಕೆ ಅಗಿದವರಿಗೆ ಹೇಳಿಕೊಡಬೇಕಿಲ್ಲ. ಹಾಗಲಕಾಯಿಯದ್ದು ಕಹಿ, ಬಾಳೆಕಾಯಿ ಸಿಪ್ಪೆಯದ್ದು ಒಗರು, ಅದು ರುಚಿಯಲ್ಲ, ಸ್ಪರ್ಶ. ನುಂಗಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ನಮ್ಮ ಬಿಯರಲ್ಲಿ ಹದಿನೈದಕ್ಕೆ ಕಹಿ ಇಳಿಯಿತು, ನಾಲಿಗೆಯ ಅಂಚು ಮೂವತ್ತರವರೆಗೂ ಹಿಡಿದೇ ಇತ್ತು. ಹಾಪ್ ಎಲೆಯಲ್ಲಿರುವ, ಒಗರು ಕೊಡುವ ಪಾಲಿಫಿನಾಲ್ ಜಾಸ್ತಿ ಇಳಿದಿದೆ, ಅಂದರೆ ಹೆಚ್ಚು ಹಾಪ್ ಅಥವಾ ಹೆಚ್ಚು ದಿನ. ಎರಡನೇ ಸುತ್ತಿನ ಸರಾಸರಿ 33.

ಬೆಣ್ಣೆ ನಿಜವೇ, ಇನ್ನೂ ಹೆಚ್ಚುತ್ತದೆಯೇ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಎರಡು ಮುಚ್ಚಳದ ಗಾಜಿನ ಶೀಶೆಗೆ 60 ಮಿ.ಲೀ. ಹಾಕಿ, ಒಂದನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಬೇಕು. ಆಮೇಲೆ ಐಸ್ ನೀರಿನಲ್ಲಿ ತಣಿಸಿ ಎರಡನ್ನೂ ಒಂದೇ ಉಷ್ಣತೆಗೆ ತಂದು ಮೂಸಬೇಕು. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಅದರ ಮೂಲವಸ್ತು ಇನ್ನೂ ಬಿಯರಿನಲ್ಲಿದೆ, ಮುಂದೆ ಕೆಡುತ್ತದೆ. ನಮ್ಮದರಲ್ಲಿ ಎರಡರಲ್ಲೂ ಬಂತು, ಬಿಸಿ ಮಾಡಿದ್ದರಲ್ಲಿ ಜೋರಾಗಿ.

ಅದೇ ಕ್ಯಾನಿನ ಉಳಿದ 200 ಮಿ.ಲೀ. ಹೈಡ್ರೋಮೀಟರಿಗೆ, ಬಿಯರಿನ ಸಾಂದ್ರತೆ (ಗ್ರಾವಿಟಿ) ಅಳೆಯಲು. ಎರಡು ಲೋಟಗಳ ನಡುವೆ ಹೋಟೆಲ್ ಕಾಫಿ ಹಾಗೆ ಇಪ್ಪತ್ತು ಸಲ ಎತ್ತಿ ಹೊಯ್ದು ಗ್ಯಾಸ್ ಬಿಡಿಸಿ, 20 ಡಿಗ್ರಿಗೆ ತಂದು ನೋಡಬೇಕು. ಗ್ಯಾಸ್ ಉಳಿದರೆ ಗುಳ್ಳೆ ಮೀಟರನ್ನು ಎತ್ತಿ ಲೆಕ್ಕ ತಪ್ಪಿಸುತ್ತದೆ. ಬ್ರೂಯರಿಯವರು ತುಂಬುವಾಗ ಇದ್ದದ್ದು 1.012 ಎಂದಿದ್ದರು. ಮೂರು ಸಲ ನೋಡಿದರೂ 1.010. ಅಂದರೆ ಕ್ಯಾನಿನೊಳಗೆ ಮತ್ತೆ ಹುದುಗಿದೆ. ಎರಡು ಪಾಯಿಂಟ್ ಇಳಿಕೆ ಎಂದರೆ ಆಲ್ಕೋಹಾಲ್ ಕಾಲು ಶೇಕಡ ಹೆಚ್ಚು, ಗ್ಯಾಸ್ ಸುಮಾರು ಒಂದು ವಾಲ್ಯೂಮ್ (ಬಿಯರಿನಷ್ಟೇ ಗಾತ್ರದ ಗ್ಯಾಸ್) ಹೆಚ್ಚು. ಕ್ಯಾನ್ ತೆಗೆದಾಗ ನೊರೆ ಉಕ್ಕಿದ್ದಕ್ಕೆ ಒಬ್ಬರು ಚಿಕ್ಕಮಗಳೂರಿನ ಎತ್ತರವನ್ನು ದೂರಿದ್ದರು. ಬೆಂಗಳೂರೇ 900 ಮೀಟರ್ ಮೇಲಿದೆ, ನಾವು ಸಾವಿರ ಚಿಲ್ಲರೆ, ಆ ವ್ಯತ್ಯಾಸಕ್ಕೆ ಬಿಯರ್ ಉಕ್ಕುವುದಿಲ್ಲ. ನಿಜವಾದ ಕಾರಣ ಹಾಪ್ ಕ್ರೀಪ್. ಕುದಿಸದ ಹಾಪ್‌ನಲ್ಲಿರುವ ಕಿಣ್ವಗಳು ಈಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್ಟ್ರಿನ್ ಅನ್ನು ಒಡೆದು ಸಕ್ಕರೆ ಮಾಡುತ್ತವೆ. ಉಳಿದ ಈಸ್ಟ್ ಮತ್ತೆ ಹುದುಗೆಬ್ಬಿಸುತ್ತದೆ, ಜೊತೆಗೆ ಡಯಾಸಿಟೈಲ್ ಹುಟ್ಟುತ್ತದೆ. ಇಂಥ ಕ್ಯಾನನ್ನು ಬೆಚ್ಚಗೆ ಇಟ್ಟರೆ ಉಬ್ಬಿ ಸಿಡಿಯಲೂಬಹುದು. ಅದಕ್ಕೇ ಶೆಲ್ಫಿನ ಮೇಲಿಟ್ಟ ನಮ್ಮ ಕ್ಯಾನನ್ನು ಬಕೆಟ್ಟಿನೊಳಗೆ ಮುಚ್ಚಿಟ್ಟಿದ್ದೆವು.

ಆ ಕ್ಯಾನಿಗೂ ಫ್ರಿಜ್‌ನದಕ್ಕೂ ತ್ರಿಕೋನ ಪರೀಕ್ಷೆ. ಒಬ್ಬೊಬ್ಬರಿಗೆ ಮೂರು ಗ್ಲಾಸ್, ಎರಡು ಒಂದೇ, ಒಂದು ಬೇರೆ. ಜೋಡಿಸುವ ಕ್ರಮ ಆರು ಬಗೆ, ಆರು ಮಂದಿಗೆ ಒಂದೊಂದು. ಒಟ್ಟು ಹದಿನೆಂಟು ಗ್ಲಾಸು, ಒಂಬತ್ತಕ್ಕೆ ಒಂದು ಕ್ಯಾನ್, 30 ಮಿ.ಲೀ.ನಂತೆ ಸರಿಹೋಗುತ್ತದೆ. ಬಣ್ಣ ಗುಟ್ಟು ಬಿಟ್ಟುಕೊಡದಂತೆ ಸ್ಟೀಲ್ ಲೋಟ. ಆರರಲ್ಲಿ ನಾಲ್ವರು ಸರಿ ಹೇಳಿದರೆ ಅದು ಅದೃಷ್ಟವೂ ಇರಬಹುದು, ಐವರು ಹೇಳಿದರೆ ನಂಬಬಹುದು. ಐವರು ಹೇಳಿದರು. ತಪ್ಪಿದವರು ಪುಸ್ತಕದಲ್ಲಿರುವ ಒದ್ದೆ ರಟ್ಟಿನ ವಾಸನೆ ಹುಡುಕುತ್ತಾ ಕೂತಿದ್ದರು. ಹಾಪ್ ಬಿಯರಿನಲ್ಲಿ ಗಾಳಿ ತಾಗಿದ ಮೊದಲ ಗುರುತು ಅದಲ್ಲ. ಸಿಪ್ಪೆಯ ಘಮ ಕುಸಿದು, ಆ ಜಾಗಕ್ಕೆ ಹಳೆ ಜೇನಿನ ಮಂದ ಸಿಹಿ ಬರುತ್ತದೆ.

ಬ್ರೂಯರಿಗೆ ಕಳಿಸಿದ ಚೀಟಿಯಲ್ಲಿ ಹೊಗಳಿಕೆ ತೆಗಳಿಕೆ ಇರಲಿಲ್ಲ. 12 ಡಿಗ್ರಿಯಲ್ಲಿ ಬೆಣ್ಣೆ, ಬಿಸಿ ಪರೀಕ್ಷೆಯಲ್ಲಿ ಖಚಿತ, ಗ್ರಾವಿಟಿ ಎರಡು ಪಾಯಿಂಟ್ ಇಳಿಕೆ, ಒಗರು ಮೂವತ್ತರವರೆಗೆ. ಹಾಪ್ ಹಾಕುವುದನ್ನು ಈಸ್ಟ್ ಇನ್ನೂ ಚುರುಕಾಗಿರುವಾಗಲೇ ಮಾಡಿ, ಗ್ರಾವಿಟಿ ನಿಂತು ಬಿಸಿ ಪರೀಕ್ಷೆ ಸ್ವಚ್ಛ ಬರುವವರೆಗೂ ಟ್ಯಾಂಕ್ ತಣಿಸಬೇಡಿ, ಹಾಪ್ ಒಂದು ದಿನ ಮೊದಲೇ ತೆಗೆಯಿರಿ ಎಂದಷ್ಟೇ ಬರೆದೆವು. ಆರನೇ ಕ್ಯಾನ್ ಫ್ರಿಜ್‌ನ ಹಿಂದಿನ ಮೂಲೆಯಲ್ಲಿದೆ, ಮುಂದಿನ ಬ್ಯಾಚ್ ಬಂದ ದಿನ ಪಕ್ಕದಲ್ಲಿಟ್ಟು ನೋಡಲು.