ಜರ್ಮನಿಯಿಂದ ನೆದರ್‌ಲ್ಯಾಂಡ್ಸ್‌ಗೆ: ಬ್ಲೂ ಕಾರ್ಡ್ ಇದ್ದವರು ದೇಶ ಬದಲಿಸುವುದು ಹೇಗೆ?

ಜರ್ಮನಿಯ ಆಖೆನ್‌ನಲ್ಲಿ ಬಸ್ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್. ಅಂಗಡಿ ಬೋರ್ಡುಗಳ ಭಾಷೆ ಬದಲಾಗಿದ್ದು ಕಂಡಾಗಲೇ ದೇಶ ಬದಲಾಯಿತೆಂದು ಗೊತ್ತಾಗುವುದು. ಈಚೆಗೆ ಗಡಿಯಲ್ಲಿ ಆಗೊಮ್ಮೆ ಈಗೊಮ್ಮೆ ಪೊಲೀಸರು ಗುರುತಿನ ಚೀಟಿ ಕೇಳುವುದುಂಟು, ಅಷ್ಟೇ. ಈ ಸಲೀಸು ಓಡಾಟವೇ ನಮ್ಮವರ ದಾರಿ ತಪ್ಪಿಸುತ್ತದೆ. ಷೆಂಗನ್ ಒಪ್ಪಂದ ಕೊಡುವುದು 180 ದಿನಗಳಲ್ಲಿ 90 ದಿನ ಹೋಗಿಬರುವ ಅವಕಾಶ. ದುಡಿಯುವ ಹಕ್ಕು ಬೇರೆಯೇ ಲೆಕ್ಕ. ಜರ್ಮನ್ ಪಾಸ್‌ಪೋರ್ಟಿನ ಸಹೋದ್ಯೋಗಿ ನಾಳೆಯೇ ಐಂಡ್‌ಹೋವನ್‌ನಲ್ಲಿ ಕೆಲಸಕ್ಕೆ ಸೇರಬಹುದು. ಭಾರತದ ಪಾಸ್‌ಪೋರ್ಟ್ ಇರುವವರು ಜರ್ಮನಿಯ ಕಾಯಂ ವಾಸದ ಕಾರ್ಡ್ ಹಿಡಿದು ಹೋದರೂ ಹಾಗೆ ಸೇರುವಂತಿಲ್ಲ.

ಬ್ಲೂ ಕಾರ್ಡ್ ಎಂದರೆ ಐರೋಪ್ಯ ಒಕ್ಕೂಟದ ಹೊರಗಿನ ಪರಿಣತ ಉದ್ಯೋಗಿಗಳಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ. ಅದು ಇದ್ದವರಿಗೆ ಮಾತ್ರ ದಾರಿ ಸ್ವಲ್ಪ ಅಗಲವಾಗಿದೆ. 2021ರಲ್ಲಿ ಐರೋಪ್ಯ ಒಕ್ಕೂಟ ಅದರ ನಿಯಮಗಳನ್ನು ಹೊಸದಾಗಿ ಬರೆದು, ದೇಶಗಳು 2023ರ ನವೆಂಬರ್ ಒಳಗೆ ಜಾರಿ ಮಾಡಬೇಕೆಂದು ಹೇಳಿತು. ಜರ್ಮನಿಯಲ್ಲಿರುವ ಕನ್ನಡಿಗ ಎಂಜಿನಿಯರುಗಳಿಗೆ ನೆದರ್‌ಲ್ಯಾಂಡ್ಸ್‌ನಿಂದ ಆಫರ್ ಬಂದರೆ ಏನು ಮಾಡಬೇಕು, ಯಾವುದಾದ ಮೇಲೆ ಯಾವುದು ಎಂಬುದು ಇಲ್ಲಿದೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಬ್ಲೂ ಕಾರ್ಡ್ ವ್ಯವಸ್ಥೆಯಲ್ಲಿಲ್ಲ, ಸ್ವಿಟ್ಜರ್‌ಲೆಂಡ್ ಒಕ್ಕೂಟದಲ್ಲೇ ಇಲ್ಲ. ಅಲ್ಲಿಗೆ ಹೋಗುವವರಿಗೆ ಈ ದಾರಿ ನಡೆಯದು.

ಮೊದಲು ತಿಂಗಳು ಎಣಿಸಿ

ಮೊದಲ ದೇಶದಲ್ಲಿ ಬ್ಲೂ ಕಾರ್ಡ್ ಮೇಲೆ 12 ತಿಂಗಳು ತುಂಬಿರಬೇಕು. ತುಂಬಿದ್ದರೆ ಬೇರೆ ವೀಸಾ ಬೇಡ. ಕಾರ್ಡ್ ಮತ್ತು ಪಾಸ್‌ಪೋರ್ಟ್ ಸಾಕು. ಆದರೆ ನಾನು ಹೇಳುವುದು ಇನ್ನೊಂದು ಎಣಿಕೆ. ಜರ್ಮನಿಯಲ್ಲಿ ಬ್ಲೂ ಕಾರ್ಡಿನವರಿಗೆ 27 ತಿಂಗಳಿಗೆ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಭಾಷೆ ಬಂದರೆ 21 ತಿಂಗಳಿಗೇ ಕಾಯಂ ವಾಸ ಸಿಗುತ್ತದೆ. ಹದಿನೆಂಟನೇ ತಿಂಗಳಲ್ಲಿ ಆಫರ್ ಬಂತೆಂದು ಹೊರಟರೆ ಅದು ಕೈತಪ್ಪುತ್ತದೆ. ಪೌರತ್ವಕ್ಕೂ ಎರಡೂ ದೇಶಗಳಲ್ಲಿ ಸಾಮಾನ್ಯವಾಗಿ 5 ವರ್ಷ ಬೇಕು. ದೇಶ ಬದಲಿಸಿದರೆ ಎಣಿಕೆ ಮತ್ತೆ ಒಂದರಿಂದ. ಒಕ್ಕೂಟದ ದೀರ್ಘಕಾಲೀನ ನಿವಾಸಿ ಪರವಾನಗಿಗೆ ಮಾತ್ರ ಹಳೆಯ ವರ್ಷಗಳೂ ಸೇರುತ್ತವೆ: ಬ್ಲೂ ಕಾರ್ಡಿನವರು ಎರಡೂ ದೇಶ ಸೇರಿ 5 ವರ್ಷ ಇದ್ದು, ಅದರಲ್ಲಿ ಕೊನೆಯ 2 ವರ್ಷ ಹೊಸ ದೇಶದಲ್ಲಿ ಕಳೆದಿದ್ದರೆ ಆಯಿತು. ಸಂಬಳ ತೀರಾ ಹೆಚ್ಚಿಲ್ಲದಿದ್ದರೆ ಆರು ತಿಂಗಳು ತಡೆದು ಹೋಗುವುದೇ ಲೇಸು. ಕಂಪನಿಯನ್ನು ಕೇಳಿ ನೋಡಿ, ಹಲವರು ಕಾಯುತ್ತಾರೆ.

ಆಫರ್ ಲೆಟರ್‌ನಲ್ಲಿ ನೋಡಬೇಕಾದ್ದು

ಜರ್ಮನಿಯಲ್ಲಿ ಬ್ಲೂ ಕಾರ್ಡಿಗೆ ಬೇಕಾದ ಕನಿಷ್ಠ ಸಂಬಳದ ಮಿತಿ 2025ರಲ್ಲಿ ವರ್ಷಕ್ಕೆ 48,300 ಯೂರೋ ಇತ್ತು. ಅದೇ ವರ್ಷ ನೆದರ್‌ಲ್ಯಾಂಡ್ಸ್‌ನ ಸಾಮಾನ್ಯ ಮಿತಿ ತಿಂಗಳಿಗೆ 5,688 ಯೂರೋ, ಅಂದರೆ ವರ್ಷಕ್ಕೆ 68,256. ಇದರಲ್ಲಿ ಶೇ 8ರ ರಜಾ ಭತ್ಯೆ ಸೇರುವುದಿಲ್ಲ. ಆಫರ್‌ನಲ್ಲಿ ಕಾಣುವ ದೊಡ್ಡ ಮೊತ್ತದೊಳಗೆ ಆ ಭತ್ಯೆಯನ್ನೂ ಸೇರಿಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಮಿತಿ ಪ್ರತಿ ಜನವರಿಗೆ ಬದಲಾಗುತ್ತದೆ. ಮುಟ್ಟದಿದ್ದರೆ, ಮಾನ್ಯತೆ ಪಡೆದ ಪ್ರಾಯೋಜಕ ಕಂಪನಿಗಳ ಮೂಲಕ ನೆದರ್‌ಲ್ಯಾಂಡ್ಸ್‌ನದೇ ಪರಿಣತ ವಲಸಿಗ ಪರವಾನಗಿ ಇದೆ. 30 ವರ್ಷದೊಳಗಿನವರಿಗೆ ಅಲ್ಲಿ ಮಿತಿ ಕಡಿಮೆ.

ಇನ್ನು ಎಲ್ಲರೂ ಬಾಯಿಬಿಡುವ ‘ಮೂವತ್ತು ಪರ್ಸೆಂಟ್’. ಹೊರದೇಶದಿಂದ ಕರೆಸಿಕೊಂಡ ನೌಕರರ ಸಂಬಳದ ಶೇ 30ರವರೆಗಿನ ಭಾಗಕ್ಕೆ ತೆರಿಗೆ ಇಲ್ಲ, ಗರಿಷ್ಠ 5 ವರ್ಷ. 2027ರಿಂದ ಅದು ಶೇ 27. ಇದಕ್ಕೊಂದು ವಿಚಿತ್ರ ಷರತ್ತಿದೆ. ಕೆಲಸಕ್ಕೆ ಸೇರುವ ಮುಂಚಿನ 24 ತಿಂಗಳಲ್ಲಿ 16 ತಿಂಗಳಿಗಿಂತ ಹೆಚ್ಚು ಕಾಲ ಡಚ್ ಗಡಿಯಿಂದ 150 ಕಿಲೋಮೀಟರ್ ಆಚೆ ವಾಸವಿದ್ದಿರಬೇಕು. ಬರ್ಲಿನ್, ಮ್ಯೂನಿಕ್‌ನವರು ಪಾಸು. ಡ್ಯೂಸೆಲ್‌ಡಾರ್ಫ್, ಕಲೋನ್‌ನವರು ಅದೇ ಕೆಲಸಕ್ಕೆ, ಅದೇ ಸಂಬಳಕ್ಕೆ ಸೇರಿದರೂ ಫೇಲು. ಸಂಬಳದ ಮಾತುಕತೆಗೆ ಕೂರುವ ಮುಂಚೆಯೇ ಭೂಪಟ ನೋಡಿಕೊಳ್ಳಿ. ಕೆಲಸಕ್ಕೆ ಸೇರಿದ 4 ತಿಂಗಳೊಳಗೆ ಅರ್ಜಿ ಹಾಕಿದರೆ ಸೌಲಭ್ಯ ಮೊದಲ ದಿನದಿಂದಲೇ ಅನ್ವಯ.

ಅರ್ಜಿ ಮೊದಲು, ರಾಜೀನಾಮೆ ಆಮೇಲೆ

ಹೊಸ ಬ್ಲೂ ಕಾರ್ಡಿಗೆ ನೆದರ್‌ಲ್ಯಾಂಡ್ಸ್‌ನ ವಲಸೆ ಇಲಾಖೆ ಐಎನ್‌ಡಿಗೆ ಅರ್ಜಿ ಹೋಗಬೇಕು. ದೇಶ ಪ್ರವೇಶಿಸಿ ಒಂದು ತಿಂಗಳೊಳಗೆ ಹಾಕಬಹುದು, ಜರ್ಮನಿಯಲ್ಲಿ ಕೂತೂ ಹಾಕಬಹುದು. ಎರಡನೆಯದನ್ನೇ ಮಾಡಿ. ಸಂಪೂರ್ಣ ಅರ್ಜಿಗೆ 30 ದಿನದಲ್ಲಿ ತೀರ್ಮಾನ ಬರಬೇಕು, ವಿಶೇಷ ಸಂದರ್ಭದಲ್ಲಿ ಇನ್ನೂ 30 ದಿನ. ಹೆಂಡತಿ ಅಥವಾ ಗಂಡ, ಮಕ್ಕಳ ಅರ್ಜಿಯನ್ನೂ ಜೊತೆಗೇ ಕೊಡಿ.

ಜರ್ಮನಿಯಲ್ಲಿ ಇಮೇಲ್ ರಾಜೀನಾಮೆ ಕಾನೂನಿನ ಲೆಕ್ಕಕ್ಕಿಲ್ಲ. ಕಾಗದದ ಮೇಲೆ ಶಾಯಿಯ ಸಹಿ ಬೇಕು. ಬಾಡಿಗೆ ಮನೆಯ ನೋಟಿಸೂ ಹಾಗೆಯೇ. ಅದಕ್ಕೆ 3 ತಿಂಗಳ ಅವಧಿ, ಪತ್ರ ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ. ಒಂದು ದಿನ ತಡವಾದರೆ ಒಂದು ತಿಂಗಳ ಬಾಡಿಗೆ ದಂಡ ಎಂದೇ ತಿಳಿಯಿರಿ.

ಊರಿನಿಂದ ತರಿಸಬೇಕಾದ ಕಾಗದ

ಹೆಚ್ಚು ಜನ ಸಿಕ್ಕಿಬೀಳುವುದು ಜನನ ಪ್ರಮಾಣಪತ್ರದಲ್ಲಿ. ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ದೃಢಪಡಿಸುವ ಮುದ್ರೆ ಅಪೋಸ್ಟಿಲ್. ಜರ್ಮನಿ ಭಾರತದ ಅಪೋಸ್ಟಿಲ್ ಮುದ್ರೆಯನ್ನು ಒಪ್ಪುವುದಿಲ್ಲವಾದ್ದರಿಂದ ಅಲ್ಲಿದ್ದವರು ಅದರ ಗೋಜಿಗೆ ಹೋಗಿರುವುದಿಲ್ಲ. ಡಚ್ ನಗರಾಡಳಿತ ಕೇಳುವುದೇ ಅದನ್ನು, ಮದುವೆ ಪ್ರಮಾಣಪತ್ರಕ್ಕೂ. ಕರ್ನಾಟಕದ ಹಳೆಯ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ. ತಂದೆ, ತಾಯಿ, ಊರು ಅಷ್ಟೇ. ಮೊದಲು ಹೆಸರು ಸೇರಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ಪಡೆದು, ರಾಜ್ಯದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಹಾಕಿಸಬೇಕು. ಊರಲ್ಲಿ ಓಡಾಡಲು ಅಣ್ಣನೋ ಭಾವನೋ ಇದ್ದರೆ ಪುಣ್ಯ. ಆಫರ್ ಬಂದ ದಿನವೇ ಫೋನ್ ಮಾಡಿ.

ಇನಿಷಿಯಲ್ ಕಥೆ ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್.ಆರ್.’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದ ಮೂರು ಪದ, ಜನನ ಪತ್ರದಲ್ಲಿ ಬರೀ ಮಂಜುನಾಥ. ಮೂರೂ ಒಬ್ಬನೇ ಎಂಬ ಅಫಿಡವಿಟ್ ಕೈಯಲ್ಲಿಟ್ಟುಕೊಂಡು ಹೊರಡಿ.

ಹೊರಡುವ ವಾರ, ಇಳಿದ ವಾರ

ಜರ್ಮನಿಯ ವಿಳಾಸ ರದ್ದತಿ, ಅಂದರೆ ಅಬ್‌ಮೆಲ್ಡುಂಗ್, ಹೊರಡುವುದಕ್ಕೆ ಒಂದು ವಾರ ಮುಂಚಿನಿಂದ ಹೊರಟು ಎರಡು ವಾರದವರೆಗೆ ಮಾಡಿಸಬಹುದು. ಆ ಪತ್ರ ಇಲ್ಲದೆ ಆರೋಗ್ಯ ವಿಮೆ, ಇಂಟರ್‌ನೆಟ್, ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ, ಯಾವುದನ್ನೂ ಸುಲಭವಾಗಿ ನಿಲ್ಲಿಸಲಾಗದು. ಬ್ಯಾಂಕ್ ಖಾತೆ ಮಾತ್ರ ಮುಚ್ಚಬೇಡಿ. ಮನೆಯ ಮುಂಗಡ ತಿರುಗಿ ಬರಲು ತಿಂಗಳುಗಳಾಗುತ್ತವೆ, ತೆರಿಗೆ ಮರುಪಾವತಿಯೂ ಬರಬೇಕಿರುತ್ತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಇಳಿದ 5 ದಿನದೊಳಗೆ ನಗರಾಡಳಿತದಲ್ಲಿ ನೋಂದಣಿ. ಅಲ್ಲಿ ಸಿಗುವ ಬಿಎಸ್‌ಎನ್ ಎಂಬ ವೈಯಕ್ತಿಕ ಗುರುತಿನ ಸಂಖ್ಯೆ ಸಂಬಳಕ್ಕೂ ವೈದ್ಯರಿಗೂ ಬೇಕು. ಕೆಲವು ಬಾಡಿಗೆ ಜಾಹೀರಾತುಗಳಲ್ಲಿ ‘ಈ ವಿಳಾಸಕ್ಕೆ ನೋಂದಣಿ ಇಲ್ಲ’ ಎಂದಿರುತ್ತದೆ. ಎಷ್ಟೇ ಅಗ್ಗವಾದರೂ ಬೇಡ. 2023ರ ಜುಲೈನಿಂದ ಮಾಲೀಕರು ಮೂಲ ಬಾಡಿಗೆಯ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆರೋಗ್ಯ ವಿಮೆಯನ್ನು 4 ತಿಂಗಳೊಳಗೆ ಮಾಡಿಸಬೇಕು, ಕಂತು ಮಾತ್ರ ಮೊದಲ ದಿನದಿಂದ ಕಟ್ಟಬೇಕಾಗುತ್ತದೆ. ಜರ್ಮನಿಯಂತೆ ಎಲ್ಲವನ್ನೂ ವಿಮೆಯೇ ಭರಿಸುವುದಿಲ್ಲ: ಮನೆ ವೈದ್ಯರ ಭೇಟಿ ಬಿಟ್ಟು ಉಳಿದ ಹೆಚ್ಚಿನ ಚಿಕಿತ್ಸೆಗೆ ವರ್ಷದ ಮೊದಲ 385 ಯೂರೋ ನಮ್ಮ ಜೇಬಿನಿಂದ.

ಊರಿನ ಎಫ್‌ಡಿ, ಜರ್ಮನಿಯ ಪಿಂಚಣಿ

ಉಳಿತಾಯ, ಹೂಡಿಕೆಗಳ ಮೇಲಿನ ಡಚ್ ತೆರಿಗೆ ‘ಬಾಕ್ಸ್ 3’ ಬಗ್ಗೆ ಏಜೆಂಟರು ಹೇಳುವುದು ಕಡಿಮೆ. ಅಲ್ಲಿನ ನಿವಾಸಿಯಾದರೆ ಜಗತ್ತಿನ ಎಲ್ಲೇ ಇರುವ ಉಳಿತಾಯ, ಎಫ್‌ಡಿ, ಮ್ಯೂಚುವಲ್ ಫಂಡ್, ಎಲ್ಲವನ್ನೂ ತೋರಿಸಬೇಕು; 2025ರಲ್ಲಿ ತಲಾ 57,684 ಯೂರೋವರೆಗೆ ವಿನಾಯಿತಿ ಇತ್ತು. ಮೈಸೂರಿನ ಸೈಟನ್ನೂ ತೋರಿಸಿ, ಭಾರತದ ಜೊತೆಗಿನ ಒಪ್ಪಂದದಂತೆ ಸ್ಥಿರಾಸ್ತಿಗೆ ತೆರಿಗೆ ರಿಯಾಯಿತಿ ಕೇಳಬೇಕು.

ಜರ್ಮನಿಯಲ್ಲಿ ಕಟ್ಟಿದ ಪಿಂಚಣಿ ಎಲ್ಲೂ ಹೋಗುವುದಿಲ್ಲ. ಅಲ್ಲಿ ಪಿಂಚಣಿಗೆ ಕನಿಷ್ಠ 5 ವರ್ಷ ಬೇಕು, ಕಡಿಮೆ ಬಿದ್ದರೆ ಡಚ್ ವರ್ಷಗಳನ್ನೂ ಕೂಡಿಸಿಕೊಳ್ಳುತ್ತಾರೆ. ನಿರುದ್ಯೋಗ ವಿಮೆಗೂ ಹೀಗೆಯೇ. ಅದಕ್ಕಾಗಿ ಜರ್ಮನ್ ಉದ್ಯೋಗ ಕಚೇರಿಯಿಂದ ಯು1 ನಮೂನೆ ಪಡೆದಿಡಿ. ಹೊಸ ಕೆಲಸ ಕೆಲವೇ ತಿಂಗಳಲ್ಲಿ ಹೋದರೆ ಹಳೆಯ ವರ್ಷಗಳಿಗೆ ದಾಖಲೆ ಅದೇ.

ಡ್ರೈವಿಂಗ್ ಲೈಸೆನ್ಸ್ ಜರ್ಮನಿಯದಾದರೆ ತೊಂದರೆಯಿಲ್ಲ. ಭಾರತದ್ದು ಮಾತ್ರ ಇದ್ದರೆ, ಮೂವತ್ತು ಪರ್ಸೆಂಟ್ ಸೌಲಭ್ಯ ಸಿಕ್ಕವರು ಮತ್ತು ಅವರ ಮನೆಯವರು ಪರೀಕ್ಷೆ ಇಲ್ಲದೆ ಅದನ್ನು ಡಚ್ ಲೈಸೆನ್ಸ್‌ಗೆ ಬದಲಿಸಿಕೊಳ್ಳಬಹುದು. ಉಳಿದವರು ಡ್ರೈವಿಂಗ್ ಸ್ಕೂಲ್ ಸೇರಬೇಕು.