ಮನೆ ಸ್ಟುಡಿಯೋಗೆ ಅಕೌಸ್ಟಿಕ್ ಪ್ಯಾನೆಲ್ ನೀವೇ ಮಾಡಿಕೊಳ್ಳಿ

ಈ ಪ್ಯಾನೆಲ್‌ಗಳು ಹೊರಗಿನ ಗಲಾಟೆ ತಡೆಯುವುದಿಲ್ಲ. ಗೋಡೆಗೆ ಬಡಿದು ಮೈಕ್‌ಗೆ ವಾಪಸ್ ಬರುವ ಸದ್ದನ್ನು ಹೀರಿಕೊಳ್ಳುತ್ತವೆ, ಅಷ್ಟೇ. ಆದರೆ ರೆಕಾರ್ಡಿಂಗ್ ಚೆನ್ನಾಗಿ ಬರಲು ಬೇಕಾಗಿರುವುದೇ ಅದು ಅಲ್ವಾ?

ಒಳಗೆ ತುಂಬಲು ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ ಹಾಸು) ತಗೊಳ್ಳಿ, ಘನ ಮೀಟರ್‌ಗೆ 48ರಿಂದ 60 ಕೆಜಿ ಸಾಂದ್ರತೆಯದ್ದು. ದಪ್ಪ 4 ಇಂಚು ಇರಲಿ. ಮೊಟ್ಟೆ ಟ್ರೇ, ತೆಳು ಫೋಮ್ ಬೇಡವೇ ಬೇಡ. ತೆಳು ಫೋಮ್ ಹೈ ಫ್ರೀಕ್ವೆನ್ಸಿ, ಅಂದರೆ ಕೀಚಲು ಸದ್ದು ಮಾತ್ರ ಹೀರುತ್ತದೆ, ದನಿ ಮಂಕಾಗುತ್ತದೆ, ಗುಂಯ್ ಅನ್ನುವ ಬೇಸ್ ಮಾತ್ರ ಹಾಗೇ ಉಳಿಯುತ್ತದೆ.

ಮರದ ಪಟ್ಟಿಗಳಿಂದ 4 ಅಡಿ ಉದ್ದ, 2 ಅಡಿ ಅಗಲದ ಚೌಕಟ್ಟು ಮಾಡಿ ಸ್ಕ್ರೂ ಹಾಕಿ. ಒಳ ಅಳತೆ ರಾಕ್‌ವೂಲ್‌ಗಿಂತ ಕೂದಲೆಳೆಯಷ್ಟು ಕಮ್ಮಿ ಇದ್ದರೆ ಅದು ಬಿಗಿಯಾಗಿ ಕೂರುತ್ತದೆ. ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಕಡ್ಡಾಯ, ಇಲ್ಲದಿದ್ದರೆ ಎಳೆಗಳು ಚುಚ್ಚಿ ಮೈಯೆಲ್ಲ ತುರಿಕೆ.

ಮೇಲೆ ಹೊದಿಸುವ ಬಟ್ಟೆ ಆರಿಸುವುದು ಸುಲಭ. ಬಾಯಿಗೆ ಹಿಡಿದು ಊದಿ, ಉಸಿರು ಸರಾಗವಾಗಿ ಆಚೆ ಹೋದರೆ ಅದು ಆಗುತ್ತದೆ. ಅದನ್ನು ಚೌಕಟ್ಟಿನ ಮುಂಬದಿಗೆ ಹೊದಿಸಿ ಹಿಂಬದಿಗೆ ಎಳೆದು, ಮೊದಲು ಪ್ರತಿ ಬದಿಯ ನಡುವೆ ಒಂದೊಂದು ಸ್ಟೇಪಲ್ ಹೊಡೆದು, ಆಮೇಲೆ ಎದುರುಬದುರಾಗಿ ಅಂಚಿನ ಕಡೆ ಹೋಗಿ, ಮೂಲೆಗಳನ್ನು ಕೊನೆಗೆ ಮಡಚಿ. ಹೀಗೆ ಮಾಡಿದರೆ ಸುಕ್ಕು ಬೀಳುವುದಿಲ್ಲ.

ಗೋಡೆಗೆ ಅಂಟಿಸಿಬಿಡಬೇಡಿ. ಹಿಂದೆ 2ರಿಂದ 4 ಇಂಚು ಜಾಗ ಬಿಟ್ಟು ನೇತುಹಾಕಿದರೆ ಅದೇ ಪ್ಯಾನೆಲ್ ಇನ್ನೂ ಕೆಳಗಿನ ಫ್ರೀಕ್ವೆನ್ಸಿವರೆಗೂ ಕೆಲಸ ಮಾಡುತ್ತದೆ, ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲದೆ.

ಎಲ್ಲಿ ಹಾಕುವುದು? ನೀವು ಕೂರುವ ಜಾಗದಲ್ಲಿ ಕೂತು, ಪಕ್ಕದ ಗೋಡೆ ಮೇಲೆ ಕನ್ನಡಿ ಸರಿಸುತ್ತಾ ಹೋಗಲು ಯಾರಿಗಾದರೂ ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆ ಒಂದು ಪ್ಯಾನೆಲ್. ಆಮೇಲೆ ತಲೆ ಮೇಲಿನ ಚಾವಣಿ. ಇನ್ನೂ ಪ್ಯಾನೆಲ್ ಉಳಿದಿದ್ದರೆ ಕೋಣೆಯ ಮೂಲೆಗಳಿಗೆ ಅಡ್ಡವಾಗಿ ನಿಲ್ಲಿಸಿ, ಬೇಸ್ ಜಾಸ್ತಿ ಕೂಡಿಕೊಳ್ಳುವುದು ಅಲ್ಲೇ.