ಚೀನಾದಲ್ಲಿ ಸಿಕ್ಕ ನಮ್ಮೂರ ಅರಸ

ನಾನ್‌ಜಿಂಗ್‌ನಲ್ಲಿ ಎಂಬಿಬಿಎಸ್‌ಗೆ ಸೇರಿದ ಮೊದಲ ವರ್ಷ, ಅಕ್ಟೋಬರ್ 1ರ ರಾಷ್ಟ್ರೀಯ ದಿನದ ರಜೆಗೆ ಗೆಳೆಯರ ಜತೆ ಬೀಜಿಂಗ್‌ಗೆ ಹೋದೆ. ಇಡೀ ಚೀನಾವೇ ಮನೆಯಿಂದ ಹೊರಡುವ ವಾರ ಅದು. ಬಾದಾಲಿಂಗ್‌ನಲ್ಲಿ ಮಹಾಗೋಡೆ ನೋಡಲು ಹೋಗಿ ಮುಂದಿನವರ ಬೆನ್ನು ನೋಡಿಕೊಂಡು ಬಂದೆವು. ಚೀನಾಕ್ಕೆ ಓದಲು ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಆ ವಾರ ಹಾಸ್ಟೆಲ್ ಬಿಟ್ಟು ಕದಲಬೇಡಿ.

ನನ್ನ ನಿಜವಾದ ತಿರುಗಾಟ ಶುರುವಾದದ್ದು 2019ರಲ್ಲಿ. ನನ್ನದು ಬಾದಾಮಿ ಹತ್ತಿರದ ಹಳ್ಳಿ. ಇಮ್ಮಡಿ ಪುಲಕೇಶಿಯ ಪಾಠದಲ್ಲಿ ಹ್ಯೂಯೆನ್ ತ್ಸಾಂಗ್ ಎಂಬ ಯಾತ್ರಿಕನ ಹೆಸರನ್ನು ಬಾಯಿಪಾಠ ಮಾಡಿದ್ದೆ. ಅವನ ಊರು ಎಲ್ಲಿತ್ತು ಎಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಚೀನೀಯರ ಬಾಯಲ್ಲಿ ಅವನು ಷ್ವಾನ್‌ಜಾಂಗ್. ಭಾರತದಿಂದ 645ರಲ್ಲಿ ಮರಳಿ ಬಂದದ್ದು ಛಾಂಗ್‌ಆನ್‌ಗೆ, ಅಂದರೆ ಇಂದಿನ ಷಿಆನ್‌ಗೆ. ಅಲ್ಲಿಗೇ ಹೊರಟೆ.

ಬುಲೆಟ್ ಟ್ರೇನಿಗೆ ದುಡ್ಡು ಸಾಲದು. ರಾತ್ರಿ ಟ್ರೇನಿನಲ್ಲಿ ‘ಯಿಂಗ್‌ವೋ’ ಅಂತ ಇರುತ್ತದೆ, ನಮ್ಮ ಸ್ಲೀಪರ್ ಇದ್ದಂತೆ, ಒಂದರ ಮೇಲೊಂದು ಮೂರು ಬರ್ತ್. ಎಲ್ಲಕ್ಕಿಂತ ಮೇಲಿನದು ಅಗ್ಗ, ಆದರೆ ಅದರಲ್ಲಿ ಎದ್ದು ಕೂರಲು ಆಗುವುದಿಲ್ಲ. ಟಿಕೆಟ್ ಪಾಸ್‌ಪೋರ್ಟ್ ನಂಬರಿನ ಮೇಲೆ ಬುಕ್ ಆಗುತ್ತದೆ. ಆಗೆಲ್ಲ ನಾವು ವಿದೇಶಿಯರು ಸ್ಟೇಷನ್ ಕಿಟಕಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಕಾಗದದ ಟಿಕೆಟ್ ಪಡೆಯಬೇಕಿತ್ತು. ಪ್ರತಿ ಬೋಗಿಯ ಕೊನೆಗೆ ಕುದಿಯುವ ನೀರಿನ ನಲ್ಲಿ ಇರುತ್ತದೆ. ಉಳಿದವರು ಅದರಲ್ಲಿ ನೂಡಲ್ಸ್ ಮಾಡಿಕೊಂಡರೆ ನಾನು ಚಹಾಪುಡಿ ಹಾಕಿಕೊಂಡು, ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುತ್ತಿದ್ದೆ. ಎದುರಿನ ಬರ್ತಿನ ಅಜ್ಜನಿಗೂ ಕೊಟ್ಟೆ. ಹಿಂಡಿ ಅವರಿಗೆ ಬಹಳ ಹಿಡಿಸಿತು.

ಷಿಆನ್‌ಗೆ ಬರುವವರೆಲ್ಲ ಚೀನಾದ ಮೊದಲ ಸಾಮ್ರಾಟನ ಸಮಾಧಿ ಕಾಯುವ ಮಣ್ಣಿನ ಸೈನಿಕರನ್ನು ನೋಡಲು ಬರುತ್ತಾರೆ. ನಾನೂ ನೋಡಿದೆ. 1974ರಲ್ಲಿ ರೈತರು ಬಾವಿ ತೋಡುವಾಗ ಸಿಕ್ಕ ಸೈನ್ಯ ಅದು. ಒಬ್ಬೊಬ್ಬನ ಮುಖವೂ ಬೇರೆ ಬೇರೆ. ಮಿಂಗ್ ಅರಸರ ಕಾಲದ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ಹೊಡೆದೆ, ಸುತ್ತು ಸುಮಾರು 14 ಕಿಲೋಮೀಟರ್. ಆದರೆ ನಾನು ಎರಡೆರಡು ಸಲ ಹೋದದ್ದು ದಾ ಯಾನ್ ಪಗೋಡಕ್ಕೆ. ಷ್ವಾನ್‌ಜಾಂಗ್ ಭಾರತದಿಂದ 657 ಗ್ರಂಥಗಳನ್ನು ತಂದಿದ್ದ. ಅವನ್ನು ಕಾಪಾಡಲೆಂದು 652ರಲ್ಲಿ ಕಟ್ಟಿಸಿದ ಗೋಪುರ ಇದು. ಈಗ ಇರುವುದು ಏಳು ಅಂತಸ್ತು, 64 ಮೀಟರ್ ಎತ್ತರ. ದಕ್ಷಿಣದ ಬಾಗಿಲಿನ ಎರಡೂ ಪಕ್ಕ 653ರ ಶಿಲಾಶಾಸನಗಳಿವೆ. ಐಹೊಳೆಯ ಮೇಗುಟಿ ಬಸದಿಯಲ್ಲಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಶಾಸನ ಕೆತ್ತಿದ್ದು 634ರಲ್ಲಿ. ಎರಡರ ನಡುವೆ ಇಪ್ಪತ್ತೇ ವರ್ಷ! ಆ ಕಲ್ಲಿನ ಮುಂದೆ ನಿಂತು ಈ ಲೆಕ್ಕ ಹಾಕಿದಾಗ ಮೈ ಝುಂ ಅಂದಿತು.

ಜತೆಗೆ ಬಂದಿದ್ದ ಚೀನೀ ಸಹಪಾಠಿಗೆ ಪುಲಕೇಶಿಯ ಕಥೆ ಹೇಳಿದೆ. ಅವಳು ಅಲ್ಲೇ ಮೊಬೈಲಿನಲ್ಲಿ ಷ್ವಾನ್‌ಜಾಂಗ್‌ನ ಪ್ರವಾಸಕಥನದ ಮೂಲ ಹುಡುಕಿ, ಮಹಾರಾಷ್ಟ್ರ ದೇಶದ (ಪುಲಕೇಶಿಯ ರಾಜ್ಯವನ್ನು ಅವನು ಕರೆದದ್ದು ಹಾಗೆ) ಭಾಗ ತೆಗೆದು, ಹಳೆಯ ಚೀನೀ ಭಾಷೆ ಎಂದು ತಡವರಿಸುತ್ತ ಓದಿದಳು. ಯುದ್ಧಕ್ಕೆ ಮೊದಲು ಸೈನಿಕರೂ ಕುಡಿಯುತ್ತಾರೆ, ಆನೆಗಳಿಗೂ ಕುಡಿಸುತ್ತಾರೆ. ಸೋತು ಬಂದ ಸೇನಾಪತಿಗೆ ಹೆಂಗಸಿನ ಬಟ್ಟೆ ಕೊಡುತ್ತಾರೆ. ಶೀಲಾದಿತ್ಯನಿಗೆ, ಅಂದರೆ ಹರ್ಷನಿಗೆ, ಈ ಜನ ಮಣಿದಿಲ್ಲ. ರಾಜನ ಹೆಸರು ಬಂದಾಗ ‘ಬು ಲುವೊ ಜಿ ಶೆ’ ಅಂದಳು. ಮತ್ತೊಮ್ಮೆ ಓದಿಸಿದೆ. ಪುಲಕೇಶಿ! ಹರ್ಷನ ಹರ್ಷವೇ ಭಯದಿಂದ ಕರಗಿತು ಎಂದು ನಮ್ಮ ರವಿಕೀರ್ತಿ ಹೊಗಳಿದ್ದನ್ನು ಆಸ್ಥಾನಕವಿಯ ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಯಾವ ಹಂಗೂ ಇಲ್ಲದ ಪರದೇಶಿಯೂ ಅದನ್ನೇ ಬರೆದಿಟ್ಟಿದ್ದಾನೆ.

ಅಲ್ಲಿಂದ ಲುವೊಯಾಂಗ್. ಅಗ್ಗದ ಲಾಡ್ಜ್ ಒಂದರಲ್ಲಿ ವಿದೇಶಿಯರನ್ನು ಇಳಿಸಿಕೊಳ್ಳಲಾಗದು ಎಂದು ರಾತ್ರಿ ಹತ್ತಕ್ಕೆ ಹೊರಗೆ ಕಳಿಸಿದರು. ವಿದೇಶಿ ಪಾಸ್‌ಪೋರ್ಟ್ ನಡೆಯುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳುವುದನ್ನು ಅಂದಿನಿಂದ ತಪ್ಪಿಸಲಿಲ್ಲ. ಊಟದ್ದೂ ಒಂದು ಪಾಠ. ಮಾಂಸ ಬೇಡ ಅಂದರೆ ಮಾಂಸದ ತುಂಡು ಆರಿಸಿ ತೆಗೆದು ಕೊಡುತ್ತಾರೆ. ‘ವೊ ಚೀ ಸು’, ನಾನು ಸಸ್ಯಾಹಾರಿ, ಎಂದರೆ ಅರ್ಥವಾಗುತ್ತದೆ. ಬೌದ್ಧ ದೇಗುಲಗಳ ಊಟದ ಮನೆಗಳಲ್ಲಂತೂ ಚಿಂತೆಯೇ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ವಿದ್ಯಾರ್ಥಿ ಕಾರ್ಡ್ ತೋರಿಸಿದರೆ ಹೆಚ್ಚಿನ ಕಡೆ ಅರ್ಧ ಟಿಕೆಟ್.

ಲುವೊಯಾಂಗ್‌ನ ಶ್ವೇತಾಶ್ವ ದೇಗುಲ ಕ್ರಿ.ಶ. 68ರದ್ದೆಂಬ ಪ್ರತೀತಿ. ಬಿಳಿ ಕುದುರೆಯ ಮೇಲೆ ಗ್ರಂಥ ಹೇರಿಕೊಂಡು ಬಂದರೆನ್ನುವ ಕಾಶ್ಯಪ ಮಾತಂಗ, ಧರ್ಮರತ್ನರ ಸಮಾಧಿಗಳು ಆವರಣದಲ್ಲೇ ಇವೆ, ಹುಲ್ಲು ಬೆಳೆದ ದುಂಡನೆಯ ದಿಬ್ಬಗಳು. ಲಾಂಗ್‌ಮೆನ್ ಗುಹೆಗಳು ಊರಾಚೆ, ಯೀ ನದಿಯ ದಂಡೆಗೆ. ಐದನೆಯ ಶತಮಾನದ ಕೊನೆಗೆ ಕೆತ್ತಲು ಶುರು ಮಾಡಿದರು. 675ರಲ್ಲಿ ಮುಗಿದ ವೈರೋಚನ ಬುದ್ಧ 17 ಮೀಟರಿಗೂ ಎತ್ತರ. ಕೆಂಪು ಮರಳುಗಲ್ಲಿನ ಗುಹೆಗಳಲ್ಲಿ ಆಡಿ ಬೆಳೆದ ನನಗೆ ಬೂದುಬಣ್ಣದ ಸುಣ್ಣಕಲ್ಲು ಮೊದಲು ತಣ್ಣಗೆ ಅನ್ನಿಸಿತು. ಹೊತ್ತು ಇಳಿಯುವವರೆಗೆ ಕೂತೆ. ಒಂದೇ ದಿನಕ್ಕೆ ನಾಲ್ಕು ಜಾಗ ಮುಗಿಸುವ ಟೂರ್ ಬಸ್ಸಿನವರಿಗೆ ಆ ಬುದ್ಧನ ಮುಖ ಸಿಗಲಾರದು.

ಕೊನೆಯದು ಛ್ವಾನ್‌ಜೋ, ಫೂಜಿಯಾನ್ ಪ್ರಾಂತ್ಯದ ಬಂದರು. ಮಾರ್ಕೊ ಪೋಲೊ ಜೈತೂನ್ ಎಂದು ಬರೆದದ್ದು ಈ ಊರನ್ನೇ. 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಾನು ಹೋದಾಗ ನಮ್ಮವರು ಯಾರೂ ಕಾಣಲಿಲ್ಲ. ಯುವಾನ್ ಅರಸರ ಕಾಲದಲ್ಲಿ ತಮಿಳು ವರ್ತಕರು ಇಲ್ಲಿ ಶಿವಾಲಯ ಕಟ್ಟಿಸಿದ್ದರು. 1281ರ ತಮಿಳು ಶಾಸನವೇ ಸಿಕ್ಕಿದೆ. ಗುಡಿ ಉಳಿದಿಲ್ಲ. ಕಲ್ಲುಗಳು ಉಳಿದಿವೆ.

ಕಾಯ್‌ಯುವಾನ್ ದೇಗುಲದ ಜೋಡಿ ಕಲ್ಲುಗೋಪುರಗಳನ್ನು ಎಲ್ಲರೂ ನೋಡುತ್ತಾರೆ. ನೀವು ಮುಖ್ಯ ಮಂದಿರವನ್ನು ಬಳಸಿ ಹಿಂಬದಿಗೆ ಹೋಗಿ. ಅಲ್ಲಿನ ಪಡಸಾಲೆಯ ಎರಡು ಕಂಬಗಳು ಬೇರೆ ಜಾತಿಯವು. ಮಿಂಗ್ ಕಾಲದಲ್ಲಿ ಜೀರ್ಣೋದ್ಧಾರ ಮಾಡಿದಾಗ ಹಿಂದೂ ಗುಡಿಯ ಕಂಬಗಳನ್ನು ತಂದು ನಿಲ್ಲಿಸಿದ್ದಾರೆ. ಕಂಬಗಳ ಮೇಲಿನ ಪದಕದಂಥ ದುಂಡನೆಯ ಕೆತ್ತನೆಗಳನ್ನು ಬೆರಳು ತೋರಿಸುತ್ತ ಒಂದೊಂದಾಗಿ ಓದಿದೆ. ಎರಡು ಮರಗಳ ನಡುವೆ ಬಾಲಕೃಷ್ಣ. ಸ್ವಲ್ಪ ಆಚೆ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹ. ಬಾದಾಮಿಯ ಮೂರನೇ ಗುಹೆಯಲ್ಲಿ ಶಾಂತವಾಗಿ ನಿಂತಿರುವ ನರಸಿಂಹನನ್ನು ದಿನಾ ನೋಡಿದವನು ನಾನು. ಇಲ್ಲಿಯವನು ಅಂಗೈಯಷ್ಟು ಜಾಗದಲ್ಲಿ ಉಗ್ರನಾಗಿದ್ದ.

ಫೋಟೋ ತೆಗೆದು ವೀಚಾಟ್‌ನಲ್ಲಿ ಅವ್ವನಿಗೆ ಕಳಿಸಿದೆ. ಫೋನ್ ಬಂತು.

“ಅಲ್ಲಿ ಅವಂಗ ಯಾರರ ಹೂವು ಏರಸ್ತಾರೇನೊ?”

ಇಲ್ಲ ಅವ್ವ ಅಂದೆ. ಮುಂದೆ ಬುದ್ಧನಿಗೆ ಹಚ್ಚಿದ ಊದಿನಕಡ್ಡಿಯ ಹೊಗೆ ಹಿಂದಿನ ಪಡಸಾಲೆಯ ತನಕ ಬರುತ್ತದೆ ಎಂದೆ.